ಕಡೆಯ ಬೆಂಚಿನ ಹೆಡ್‌ಮಾಸ್ತರು

ಇಪ್ಪತ್ತು ವರ್ಷಗಳ ಕಾಲ ಮಕ್ಕಳ ನಡುವೆ ನಿಂತು ಪಾಠ ಹೇಳಿ, ಅದರಲ್ಲಿ ತಕ್ಕಮಟ್ಟಿನ ಹೆಸರನ್ನೂ ಸಂಪಾದಿಸಿದ ಉಪಾಧ್ಯಾಯನೊಬ್ಬನನ್ನು, ಸೇವಾ ಜ್ಯೇಷ್ಠತೆಯ ಪಟ್ಟಿಯಲ್ಲಿ ಅವನ ಸರದಿ ಬಂದ ದಿನ, ಇಡೀ ಶಾಲೆಯಲ್ಲಿ ಪಾಠವೆಂಬುದು ನಡೆಯದ ಒಂದೇ ಒಂದು ಕೊಠಡಿಯನ್ನು ಆರಿಸಿ ಅದರಲ್ಲಿ ಕುಳ್ಳಿರಿಸುವ ಏರ್ಪಾಡಿಗೆ ನಾವು ಬಡ್ತಿ ಎಂದು ಹೆಸರಿಟ್ಟಿದ್ದೇವೆ. ಆ ಕೊಠಡಿಯಲ್ಲಿ ಬೀರು ಇರುತ್ತದೆ; ಮಕ್ಕಳ ಕೈಗೆ ಸಿಕ್ಕರೆ ಒಡೆದೀತೆಂದು ಬೀರುವಿನ ನೆತ್ತಿಯ ಮೇಲೆ ಇಟ್ಟ ಗ್ಲೋಬು ಇರುತ್ತದೆ; ಮಹನೀಯರ ಭಾವಚಿತ್ರಗಳೂ, ಬಿಸಿಯೂಟದ ದಾಸ್ತಾನು ಪುಸ್ತಕವೂ, ಹಾಜರಿ ಪುಸ್ತಕವೂ, ಇತ್ತೀಚಿನ ವರ್ಷಗಳಲ್ಲಿ ಒಂದು ಕಂಪ್ಯೂಟರೂ ಇರುತ್ತವೆ. ಇಲ್ಲದಿರುವವರು ಮಕ್ಕಳು ಮಾತ್ರ. ನಾನೂ ಅಂಥದೊಂದು ಕೊಠಡಿಯಲ್ಲಿ, ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಮುಖ್ಯೋಪಾಧ್ಯಾಯನಾಗಿ, ನಿವೃತ್ತಿಯ ತನಕ ಕುಳಿತವನು. ಆದರೆ ಅಲ್ಲಿ ಕುಳಿತಷ್ಟು ಹೊತ್ತು ನಾನು ಏನನ್ನೂ ಕಲಿಯಲಿಲ್ಲವೆಂದೂ, ಕಲಿತದ್ದೆಲ್ಲ ಅಲ್ಲಿಂದ ಎದ್ದು ಹೊರಟ ಹೊತ್ತಿನಲ್ಲಿಯೇ ಎಂದೂ ಈಗ ಸಾವಕಾಶವಾಗಿ ಹಿಂದಿರುಗಿ ನೋಡಿದಾಗ ನನಗೆ ತೋರುತ್ತದೆ.

ಮುಖ್ಯೋಪಾಧ್ಯಾಯರು ಆಗಾಗ್ಗೆ ತರಗತಿಗಳಿಗೆ ಹೋಗಿ ಪಾಠವನ್ನು ವೀಕ್ಷಿಸತಕ್ಕದ್ದೆಂಬುದು ಸುತ್ತೋಲೆಗಳಲ್ಲಿಯೂ ತರಬೇತಿಯ ಕೈಪಿಡಿಗಳಲ್ಲಿಯೂ ಹಲವು ಸಲ ಬಂದು ಸವೆದ ಮಾತೇ. ಆ ಮಾತಿನ ಹಿಂದೆ ಒಂದು ನಂಬಿಕೆಯಿದೆ: ವೀಕ್ಷಣೆಯು ಉಪಾಧ್ಯಾಯರನ್ನು ತಿದ್ದುವುದಕ್ಕೋಸ್ಕರ ಇರುವ ಸಾಧನ, ನೋಡುವವನು ಬಲ್ಲವನು, ನೋಡಿಸಿಕೊಳ್ಳುವವನು ತಿದ್ದಿಸಿಕೊಳ್ಳಬೇಕಾದವನು ಎಂಬುದೇ ಅದು. ನಾನು ಹೇಳಹೊರಟಿರುವುದು ಇದಕ್ಕೆ ವಿಲೋಮವಾದುದು. ಪದೇ ಪದೇ, ಅಲ್ಪ ಕಾಲ, ಆಡಂಬರವಿಲ್ಲದೆ ತರಗತಿಯಲ್ಲಿ ಹೋಗಿ ಕುಳಿತುಕೊಳ್ಳುವ ಅಭ್ಯಾಸದಿಂದ ಮೊದಲು ಬೆಳೆಯುವವನು ಮುಖ್ಯೋಪಾಧ್ಯಾಯನೇ. ಉಪಾಧ್ಯಾಯರಿಗೆ ಆಗುವ ಪ್ರಯೋಜನ ಆ ಬೆಳವಣಿಗೆಯ ನೆರಳಿನಲ್ಲಿ, ಸ್ವಲ್ಪ ತಡವಾಗಿ ಬರುವಂಥದು.

ಮೇಲಿನವರು ತರಗತಿಯೊಳಕ್ಕೆ ಕಾಲಿಡುವುದೆಂದರೆ ತಪ್ಪು ಹುಡುಕುವುದಕ್ಕೇ ಎಂಬ ಭಾವನೆ ನಮ್ಮಲ್ಲಿ ಬೇರೂರಿರುವುದಕ್ಕೆ ಚಾರಿತ್ರಿಕ ಕಾರಣವುಂಟು. 1854ರ ವುಡ್ ಮಹಾಶಯನ ಶಿಕ್ಷಣ ನಿರೂಪವು ಪ್ರಾಂತಗಳಲ್ಲಿ ವಿದ್ಯಾ ಇಲಾಖೆಗಳನ್ನು ತೆರೆದು ತಪಾಸಣಾಧಿಕಾರಿಗಳನ್ನು ನೇಮಿಸಬೇಕೆಂದು ಸೂಚಿಸಿತು. ಇಂಗ್ಲೆಂಡಿನಲ್ಲಿ 1862ರ ಪರಿಷ್ಕೃತ ನಿಯಮಾವಳಿಯಾದರೋ, ಇನ್‌ಸ್ಪೆಕ್ಟರು ಬಂದ ದಿನ ಎಷ್ಟು ಮಕ್ಕಳು ಓದು, ಬರಹ, ಲೆಕ್ಕಗಳಲ್ಲಿ ತೇರ್ಗಡೆಯಾದರೋ ಶಾಲೆಗೆ ಅಷ್ಟು ಧನ ಎಂಬ ಪದ್ಧತಿಯನ್ನೇ ತಂದಿತು. ಅದರ ಒಂದು ಕವಲು ಮದ್ರಾಸು ಪ್ರಾಂತಕ್ಕೂ ಬಂದಿತು. ಕವಿಯೆಂದೂ ವಿಮರ್ಶಕನೆಂದೂ ನಮ್ಮವರಿಗೆ ಪರಿಚಿತನಾದ ಮ್ಯಾಥ್ಯೂ ಆರ್ನಾಲ್ಡ್, 1851ರಿಂದ 1886ರ ವರೆಗೆ ಶಾಲಾ ಇನ್‌ಸ್ಪೆಕ್ಟರಾಗಿಯೇ ಹೊಟ್ಟೆ ಹೊರೆದವನು, ಈ ಪದ್ಧತಿಯಿಂದ ಪಾಠವು ಯಾಂತ್ರಿಕವಾಗುತ್ತಿದೆಯೆಂದು ತನ್ನ ವರದಿಗಳಲ್ಲಿ ನಿಷ್ಠುರವಾಗಿಯೇ ಬರೆದನು. ನಮ್ಮಲ್ಲಿ ತಪಾಸಣೆಯ ದಿನವೆಂದರೆ ನೆಲ ಸಾರಿಸಿ, ರಂಗವಲ್ಲಿ ಇಟ್ಟು, ಚುರುಕಾದ ಮಕ್ಕಳನ್ನು ಮುಂದಿನ ಸಾಲಿಗೆ ತಂದು, ಒಂದು ವಾರದಿಂದ ಉರುಹೊಡೆಸಿದ ಪಾಠವನ್ನು ಅಂದೇ ಹೊಸದಾಗಿ ಆರಂಭಿಸುವವರಂತೆ ನಟಿಸುವ ದಿನವಾಯಿತು. ಉತ್ತರ ಬಲ್ಲವರು ಬಲಗೈಯನ್ನೂ, ಅರಿಯದವರು ಎಡಗೈಯನ್ನೂ ಎತ್ತತಕ್ಕದ್ದೆಂದು ಮುನ್ನಾ ದಿನವೇ ಕಟ್ಟುಮಾಡಿದ ಮೇಷ್ಟರ ಕಥೆ ನಮ್ಮ ಸ್ಟಾಫ್ ರೂಮುಗಳಲ್ಲಿ ಇನ್ನೂ ಚಲಾವಣೆಯಲ್ಲಿದೆ.

ಆದರೂ ಇಂಥ ವಿದ್ಯಾ ಇಲಾಖೆಗಳ ತಪಾಸಣಾಧಿಕಾರಿಗಳಲ್ಲಿ ಕನ್ನಡವನ್ನು ಬೆಳೆಸಿದವರು ಎಷ್ಟು ಮಂದಿ ಎಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಮರಾಠಿಯ ಪ್ರಾಬಲ್ಯದ ನಡುವೆ ಉತ್ತರ ಕರ್ಣಾಟಕದಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದ ಚೆನ್ನಬಸಪ್ಪನವರಿಗೆ ‘ಡೆಪ್ಯುಟಿ’ ಎಂಬ ಹುದ್ದೆಯ ಹೆಸರೇ ಮನೆತನದ ಹೆಸರಿನಂತೆ ಅಂಟಿಕೊಂಡಿತು. ಪಂಜೆ ಮಂಗೇಶರಾಯರು ದಕ್ಷಿಣ ಕನ್ನಡದಲ್ಲಿ ಶಾಲೆಗಳ ತಪಾಸಣೆಗಾಗಿ ಊರೂರು ಅಲೆದು, ಬಳಿಕ ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದವರು. ಮಗುವಿನ ಬಾಯಲ್ಲಿ ಯಾವ ಮಾತು ನಿಲ್ಲುತ್ತದೆ, ಯಾವುದು ಜಾರುತ್ತದೆ ಎಂಬುದನ್ನು ಅವರಷ್ಟು ಬಲ್ಲ ಕವಿ ನಮ್ಮಲ್ಲಿ ಅಪರೂಪವಾಗಿರುವುದಕ್ಕೂ, ಅಷ್ಟೊಂದು ತರಗತಿಗಳ ಮೂಲೆಯಲ್ಲಿ ಅವರು ಕುಳಿತಿದ್ದುದಕ್ಕೂ ಸಂಬಂಧವಿಲ್ಲವೆಂದು ನಂಬುವುದು ನನ್ನಿಂದಾಗದು. ಇನ್ನು 1950ರಲ್ಲಿ ಸೊಲ್ಲಾಪುರದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದ ಎಂ. ಆರ್. ಶ್ರೀನಿವಾಸಮೂರ್ತಿಗಳು ತಾವು ದುಡಿದ ವಿದ್ಯಾ ಇಲಾಖೆಯ ಅನುಭವದಿಂದ ‘ರಂಗಣ್ಣನ ಕನಸಿನ ದಿನಗಳು’ ಎಂಬ ಕಾದಂಬರಿಯನ್ನೇ ಬರೆದರು. ಅದರ ನಾಯಕನು ಒಬ್ಬ ಸ್ಕೂಲ್ ಇನ್‌ಸ್ಪೆಕ್ಟರು. ಇವರೆಲ್ಲರೂ ನೋಡಿ ಬೆಳೆದವರು. ತಪಾಸಣೆಯೆಂಬ ಭಯದ ಯಂತ್ರದೊಳಗೇ ಒಂದು ವಿದ್ಯೆಯ ಬೀಜ ಅಡಗಿತ್ತೆನ್ನುವುದಕ್ಕೆ ಬೇರೆ ಸಾಕ್ಷ್ಯ ಬೇಕಾಗಿಲ್ಲ.

ನನ್ನ ಕಥೆ ಇಷ್ಟು ಉಜ್ಜ್ವಲವಾದುದಲ್ಲ. ಮುಖ್ಯೋಪಾಧ್ಯಾಯನಾದ ಮೊದಲ ವರ್ಷ ನಾನು ತರಗತಿಗಳಿಗೆ ಹೋದದ್ದು ಮೂರೋ ನಾಲ್ಕೋ ಸಲ, ಅದೂ ಕೈಯಲ್ಲಿ ನಮೂನೆಯ ಹಾಳೆಯನ್ನು ಹಿಡಿದು. ನಾನು ಬಾಗಿಲಿಗೆ ಬಂದೊಡನೆ ಮಕ್ಕಳೆಲ್ಲರೂ ಎದ್ದು ಒಂದೇ ರಾಗದಲ್ಲಿ ನಮಸ್ಕಾರ ಹೇಳುವರು. ಒಬ್ಬ ಹುಡುಗ ಓಡಿಹೋಗಿ ನನ್ನ ಕೊಠಡಿಯಿಂದ ಕುರ್ಚಿ ತರುವನು. ಅಷ್ಟರಲ್ಲಿ ಉಪಾಧ್ಯಾಯರ ಧ್ವನಿ ಒಂದು ಮೆಟ್ಟಿಲು ಏರಿ, ಭಾಷೆ ಗ್ರಾಂಥಿಕವಾಗಿ, ಪ್ರಶ್ನೆಗಳು ತರಗತಿಯ ಇಬ್ಬರು ಜಾಣರ ಸುತ್ತ ಗಿರಕಿ ಹೊಡೆಯತೊಡಗುವುವು. ನಾನು ಹಾಳೆಯಲ್ಲಿ ‘ಪಾಠ ಯೋಜನೆ ಇದೆ, ಪಾಠೋಪಕರಣ ಬಳಸಿದ್ದಾರೆ, ಕಪ್ಪುಹಲಗೆಯ ಬರಹ ಚೆನ್ನಾಗಿದೆ’ ಎಂದು ಗುರುತು ಹಾಕಿ ಹೊರಗೆ ಬರುತ್ತಿದ್ದೆನು. ನಾನು ಕಂಡದ್ದು ಪಾಠವನ್ನಲ್ಲ, ಪಾಠದ ನಾಟಕವನ್ನು. ವರ್ಷಕ್ಕೆ ನಾಲ್ಕು ಸಲ ಹೋಗುವವನಿಗೆ ನಾಟಕವಲ್ಲದೆ ಮತ್ತೇನೂ ಕಾಣಿಸುವುದು ಸಾಧ್ಯವಿಲ್ಲವೆಂಬ ಅರಿವು ನನಗಾಗುವುದಕ್ಕೆ ಇನ್ನೂ ಒಂದು ವರ್ಷ ಹಿಡಿಯಿತು. ವಾರಕ್ಕೊಂದು ಸಲ ಅದೇ ತರಗತಿಗೆ ಹೋಗತೊಡಗಿದಾಗ, ಆರನೆಯದೋ ಏಳನೆಯದೋ ಸಲಕ್ಕೆ ಮಕ್ಕಳು ಏಳುವುದನ್ನು ಬಿಟ್ಟರು. ಕುರ್ಚಿ ಬರುವುದು ನಿಂತಿತು. ನಾನು ಕಡೆಯ ಬೆಂಚಿನ ತುದಿಯಲ್ಲಿ, ಜಾಗ ಬಿಡಲು ಮನಸ್ಸಿಲ್ಲದ ಇಬ್ಬರು ಹುಡುಗರ ಪಕ್ಕದಲ್ಲಿ, ಕುಳಿತುಕೊಳ್ಳತೊಡಗಿದೆನು. ಪೌನಃಪುನ್ಯದ ಬೆಲೆ ಇರುವುದು ಇಲ್ಲಿ. ಹೆಚ್ಚು ಸಲ ನೋಡಿದರೆ ಹೆಚ್ಚು ಕಾಣುತ್ತದೆಂಬುದಷ್ಟೇ ಅಲ್ಲ. ಕಾಣುವ ವಸ್ತುವೇ ಬೇರೆಯಾಗುತ್ತದೆ.

ನಾನು ಗಣಿತದವನು. ಭಿನ್ನರಾಶಿಯನ್ನು ಹದಿನೆಂಟು ವರ್ಷ ಕಲಿಸಿದವನು. ಅದನ್ನು ನನಗಿಂತ ಚೆನ್ನಾಗಿ ಕಲಿಸುವವರು ತಾಲ್ಲೂಕಿನಲ್ಲಿ ಕಡಮೆಯೆಂಬ ಅಹಂಕಾರವೂ ಇದ್ದಿತು. ಒಂದು ದಿನ ಐದನೆಯ ತರಗತಿಯಲ್ಲಿ ಕುಳಿತಿದ್ದೆನು. ಉಪಾಧ್ಯಾಯಿನಿಯವರು ಹಲಗೆಯ ಮೇಲೆ 1/2 ಮತ್ತು 1/4 ಎಂದು ಬರೆದು, ಯಾವುದು ದೊಡ್ಡದೆಂದು ಕೇಳಿದರು. ಮುಂದಿನ ಸಾಲಿನವರು ಸರಿಯಾಗಿಯೇ ಕೂಗಿದರು. ನನ್ನ ಪಕ್ಕದ ಹುಡುಗ ಮಾತ್ರ, ನಾನಿದ್ದೇನೆಂಬುದನ್ನು ಮರೆತು, ಗೆಳೆಯನ ಕಿವಿಯಲ್ಲಿ, “ನಾಲ್ಕು ದೊಡ್ಡದಲ್ವೇನೋ, ಅವ್ರೆಲ್ಲ ಎರಡಂತವ್ರೆ” ಎಂದನು. ಪಾಠ ಮುಗಿದ ಮೇಲೆ ಅವನನ್ನು ಹೊರಗೆ ಕರೆದು, ಅಂಗಡಿಯಲ್ಲಿ ಕಾಲು ಕೆಜಿ ಸಕ್ಕರೆ ಹೆಚ್ಚೋ ಅರ್ಧ ಕೆಜಿ ಹೆಚ್ಚೋ ಎಂದು ಕೇಳಿದೆನು. ಅವನು ನನ್ನನ್ನು ಕನಿಕರದಿಂದ ನೋಡಿದನು. ಇಷ್ಟು ತಿಳಿಯದೆ ಈತ ಹೆಡ್‌ಮಾಸ್ತರು ಹೇಗಾದನೆಂಬ ಭಾವ ಆ ಮುಖದಲ್ಲಿ ಇತ್ತು. ಕಾಲು, ಅರೆ, ಮುಕ್ಕಾಲು, ಅರೆಕಾಲು ಎಂದು ಕನ್ನಡವು ಭಿನ್ನರಾಶಿಯನ್ನು ಸಂತೆಯ ತಕ್ಕಡಿಯಲ್ಲಿಯೇ ತೂಗಿ ಮಗುವಿನ ಕೈಗೆ ಕೊಟ್ಟಿದೆ. ಹಲಗೆಯ ಮೇಲಿನ ಅಡ್ಡಗೆರೆಯ ಅಂಕಿಗೂ ಆ ತಕ್ಕಡಿಗೂ ನಡುವೆ ಸೇತುವೆ ಇಲ್ಲದುದರಿಂದ, ಬಲ್ಲ ಮಗುವೇ ಅರಿಯದ ಮಗುವಾಗಿ ಕಡೆಯ ಬೆಂಚಿನಲ್ಲಿ ಕುಳಿತಿದೆ. ಇದು ಆ ಉಪಾಧ್ಯಾಯಿನಿಯವರ ದೋಷವಾಗಿರಲಿಲ್ಲ. ಹದಿನೆಂಟು ವರ್ಷ ನನ್ನದೂ ಅದೇ ದೋಷವಾಗಿದ್ದಿತು. ಹಲಗೆಯ ಮುಂದೆ ನಿಂತು ಕಲಿಸುವವನಿಗೆ ಕೇಳಿಸುವುದು ಮುಂದಿನ ಸಾಲಿನ ಕೂಗು. ಗುಸುಗುಸು ಕೇಳಬೇಕಾದರೆ ಹಿಂದೆ ಹೋಗಿ ಕುಳಿತುಕೊಳ್ಳಬೇಕು. ನಿಂತು ಕಲಿಸುತ್ತಿದ್ದಷ್ಟು ಕಾಲ ನನಗೆ ಆ ಅವಕಾಶವೇ ಇರಲಿಲ್ಲ. ಉತ್ತಮ ಉಪಾಧ್ಯಾಯನೆಂದು ಹೆಸರಾದವನು ಉತ್ತಮ ಉಪಾಧ್ಯಾಯನಾಗುವ ದಾರಿ ತೆರೆದದ್ದು ಪಾಠ ಹೇಳುವುದನ್ನು ಕಡಮೆ ಮಾಡಿದ ಮೇಲೆ ಎಂಬುದು ವಿಚಿತ್ರವಾದರೂ ನಿಜ.

ಇನ್ನೊಂದು ಸಂಗತಿ ಇದಕ್ಕಿಂತಲೂ ಮುಖ್ಯವಾದುದು. ಒಬ್ಬೊಬ್ಬ ಉಪಾಧ್ಯಾಯರೂ ತಮ್ಮ ತರಗತಿಯ, ತಮ್ಮ ವಿಷಯದ ಮಕ್ಕಳನ್ನು ಬಲ್ಲರು. ಆದರೆ ಒಂದೇ ಮಗುವನ್ನು ಒಂದೇ ದಿನ ಮೂರು ಪಾಠಗಳಲ್ಲಿ ನೋಡಬಲ್ಲವನು, ಒಂದೇ ಪರಿಕಲ್ಪನೆಯನ್ನು ಮೂರು ತರಗತಿಗಳಲ್ಲಿ ಹಿಂಬಾಲಿಸಬಲ್ಲವನು, ಶಾಲೆಯಲ್ಲಿ ಒಬ್ಬನೇ. ತಾಂಡಾದಿಂದ ಬರುತ್ತಿದ್ದ ಹುಡುಗಿಯೊಬ್ಬಳು ಕನ್ನಡದ ಪಾಠದಲ್ಲಿ ಬಾಯಿ ತೆರೆಯದೆ ಕುಳಿತಿರುವುದನ್ನು ಬೆಳಗ್ಗೆ ನೋಡಿ, ಮಧ್ಯಾಹ್ನ ಲೆಕ್ಕದ ಆಟದಲ್ಲಿ ಅವಳೇ ಗುಂಪಿನ ನಾಯಕಿಯಾಗಿ ಲಂಬಾಣಿಯಲ್ಲಿ ಜೊತೆಯವರನ್ನು ಗದರಿಸುತ್ತಿರುವುದನ್ನು ನಾನು ಕಂಡೆನು. ಕನ್ನಡದ ಮೇಷ್ಟರ ಪಾಲಿಗೆ ಅವಳು ಮಂದಮತಿ, ಗಣಿತದ ಮೇಡಂ ಪಾಲಿಗೆ ಚೂಟಿ. ಇಬ್ಬರೂ ಒಂದೇ ಮೇಜಿನಲ್ಲಿ ಊಟದ ಡಬ್ಬಿ ತೆರೆಯುವವರಾದರೂ ಈ ಎರಡು ಹುಡುಗಿಯರು ಒಬ್ಬಳೇ ಎಂಬುದು ಅವರ ಮಾತಿನಲ್ಲಿ ಎಂದೂ ಬಂದಿರಲಿಲ್ಲ. ಹಾಗೆಯೇ, ಐದನೆಯ ತರಗತಿಯ ಭಾಗಾಕಾರ ಏಕೆ ಮುಗ್ಗರಿಸುತ್ತದೆಂಬ ಪ್ರಶ್ನೆಗೆ ಉತ್ತರ ಐದನೆಯ ತರಗತಿಯಲ್ಲಿ ಇರುವುದಿಲ್ಲ. ಸ್ಥಾನಬೆಲೆಯನ್ನು ಅವಸರದಲ್ಲಿ ದಾಟಿಬಂದ ಕೆಳಗಿನ ತರಗತಿಗಳಲ್ಲಿ ಇರುತ್ತದೆ. ಈ ಊರ್ಧ್ವಮುಖವಾದ ದಾರಿಯನ್ನು ನಡೆದು ನೋಡದವನಿಗೆ ಶಾಲೆಯೆಂಬುದು ಏಳು ಕೊಠಡಿಗಳ ಸಾಲಾಗಿ ತೋರುತ್ತದೆಯೇ ಹೊರತು ಒಂದು ವಸ್ತುವಾಗಿ ತೋರುವುದಿಲ್ಲ.

ನಲಿಕಲಿಯ ಕೊಠಡಿ ನನಗೆ ಕಲಿಸಿದ್ದು ಮತ್ತೊಂದು ಬಗೆಯದು. 1995ರಲ್ಲಿ ಹೆಗ್ಗಡದೇವನಕೋಟೆಯ ಕೆಲವು ಶಾಲೆಗಳಲ್ಲಿ, ರಿಷಿ ವ್ಯಾಲಿ ಶಾಲೆಯ ಪ್ರಯೋಗವನ್ನು ನೋಡಿಬಂದ ಉಪಾಧ್ಯಾಯರಿಂದಲೇ ಆರಂಭವಾಗಿ, ಮುಂದೆ ರಾಜ್ಯಕ್ಕೆಲ್ಲ ವ್ಯಾಪಿಸಿದ ಈ ಪದ್ಧತಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ನೆಲದ ಮೇಲೆ ಗುಂಪುಗುಂಪಾಗಿ ಕುಳಿತು, ಕಾರ್ಡುಗಳನ್ನು ಹಿಡಿದು ಕಲಿಕಾ ಏಣಿಯ ಮೆಟ್ಟಿಲುಗಳನ್ನು ತಮ್ಮ ತಮ್ಮ ವೇಗದಲ್ಲಿ ಹತ್ತುತ್ತಾರೆ. ಅದು ನಮ್ಮ ಕಾಲದ ಪಾಠವಲ್ಲ. ನಾನು ಅದನ್ನು ಕಲಿಸಿದವನೂ ಅಲ್ಲ. ಮೊದಲ ಸಲ ಒಳಗೆ ಹೋದಾಗ ನನಗೆ ಅದು ಗದ್ದಲವಾಗಿ ಕಂಡಿತು. ಎಲ್ಲಿ ನೋಡಬೇಕು, ಏನನ್ನು ನೋಡಬೇಕು ಎಂದು ಗೊತ್ತಾಗದೆ ಅಧಿಕಾರದ ಅಭ್ಯಾಸದಿಂದ ಒಂದೆರಡು ಪ್ರಶ್ನೆಗಳನ್ನು ಎಸೆದೆನು. ಅಲ್ಲಿಯ ಮೇಡಂ, ವಯಸ್ಸಿನಲ್ಲಿ ನನ್ನ ಮಗಳಷ್ಟು ಕಿರಿಯರು, “ಸಾರ್, ಒಂದ್ ಐದ್ ನಿಮಿಷ ಸುಮ್ನೆ ಕೂತ್ಕೊಳ್ಳಿ, ನೀವ್ ಮಾತಾಡಿದ್ರೆ ಎಲ್ರೂ ಕಾರ್ಡು ಬಿಟ್ಟು ನಿಮ್ಮನ್ನೇ ನೋಡ್ತಾರೆ” ಎಂದರು. ಕೂತೆನು. ಯಾವ ಮಗು ಯಾವ ಕಾರ್ಡಿನ ಹತ್ತಿರ ಎಷ್ಟು ದಿನದಿಂದ ನಿಂತಿದೆ ಎಂಬುದು ಆಕೆಯ ಕಣ್ಣಿನಲ್ಲಿಯೇ ಇತ್ತು. ಆಕೆ ಕತ್ತು ತಿರುಗಿಸಿದ ಕಡೆಗೆ ನಾನೂ ತಿರುಗಿಸುತ್ತ ಹೋದಂತೆ, ಆ ಗದ್ದಲವು ಮೆಲ್ಲಮೆಲ್ಲನೆ ವ್ಯವಸ್ಥೆಯಾಗಿ ಬಿಡಿಸಿಕೊಂಡಿತು. ತಾನು ಬಲ್ಲ ವಿಷಯದ ತರಗತಿಗೇ ಹೋಗುವ ಮುಖ್ಯೋಪಾಧ್ಯಾಯನು ತೀರ್ಪುಗಾರನಾಗಿಬಿಡುತ್ತಾನೆ. ತಾನು ಅರಿಯದ ತರಗತಿಯಲ್ಲಿ ಕುಳಿತವನು ಮತ್ತೆ ವಿದ್ಯಾರ್ಥಿಯಾಗುತ್ತಾನೆ. ಆದುದರಿಂದ ಹೊಸದಾಗಿ ಬಡ್ತಿ ಹೊಂದಿದವರು ಯಾರಾದರೂ ನನ್ನನ್ನು ಕೇಳಿದರೆ, ನಿಮಗೆ ಏನೂ ಬಾರದ ವಿಷಯದ ಕೊಠಡಿಯಿಂದ ಪ್ರಾರಂಭ ಮಾಡಿರೆಂದೇ ಹೇಳುತ್ತೇನೆ.

ಕೆಲವು ಸಂಗತಿಗಳಂತೂ ಪಾಠಕ್ಕೆ ಸಂಬಂಧವೇ ಇಲ್ಲದವು. ಆರನೆಯ ತರಗತಿಯ ಕಡೆಯ ಬೆಂಚಿನಿಂದ ನೋಡಿದರೆ, ಹನ್ನೊಂದು ಗಂಟೆಯ ಬಿಸಿಲು ಕಿಟಕಿಯಿಂದ ಹಲಗೆಯ ಎಡಭಾಗದ ಮೇಲೆ ಬಿದ್ದು ಅಲ್ಲಿ ಬರೆದದ್ದೊಂದೂ ಕಾಣುತ್ತಿರಲಿಲ್ಲ. ಎರಡು ವರ್ಷದಿಂದ ಆ ಕೊಠಡಿಯ ಮೂಲೆಯವರು ಅರ್ಧ ಹಲಗೆಯಿಂದಲೇ ಪಾಠ ಬರೆದುಕೊಂಡಿದ್ದರು. ಶಾಲಾ ಅನುದಾನದಿಂದ ಗೇಟಿಗೆ ಬಣ್ಣ ಹೊಡೆಸಬೇಕೆಂದಿದ್ದ ನಾನು ಕಿಟಕಿಗೆ ಒಂದು ಪರದೆ ಹೊಲಿಸಿದೆನು. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಗೇಟಿನ ಪಕ್ಷದವರು ಸ್ವಲ್ಪ ಮುನಿಸಿಕೊಂಡರು. ಆದರೆ ಕಣ್ಣಾರೆ ಕಂಡು ಹೇಳುವವನ ಮಾತಿಗೂ ಕಡತ ನೋಡಿ ಹೇಳುವವನ ಮಾತಿಗೂ ಇರುವ ವ್ಯತ್ಯಾಸವನ್ನು ಹಳ್ಳಿಯ ಜನ ಬೇಗ ಗುರುತಿಸುತ್ತಾರೆ.

ಹೀಗೆ ತರಗತಿಗೆ ಹೋಗಿ ನೋಡುವ ಅಭ್ಯಾಸವನ್ನು ವ್ರತದಂತೆ ನಡೆಸಿ ಅದರ ಕಥೆಯನ್ನು ಬರೆದಿಟ್ಟವರಲ್ಲಿ ಅಮೆರಿಕದ ಕಿಮ್ ಮಾರ್ಷಲ್ ಪ್ರಸಿದ್ಧರು. 1639ರಲ್ಲಿ ಸ್ಥಾಪಿತವಾಗಿ ಅಮೆರಿಕದ ಅತ್ಯಂತ ಹಳೆಯ ಸಾರ್ವಜನಿಕ ಪ್ರಾಥಮಿಕ ಶಾಲೆಯೆಂದು ಖ್ಯಾತವಾದ ಬಾಸ್ಟನ್ ನಗರದ ಮೇದರ್ ಶಾಲೆಗೆ 1987ರಲ್ಲಿ ಅವರು ಪ್ರಾಂಶುಪಾಲರಾಗಿ ಬಂದು ಹದಿನೈದು ವರ್ಷ ಇದ್ದರು. ಮೊದಲ ವರ್ಷಗಳಲ್ಲಿ ಅವರ ಪಾಡೂ ನಮ್ಮ ಪಾಡೇ: ದಿನವೆಲ್ಲ ಓಡಾಟ, ಜಗಳ ಬಿಡಿಸುವುದು, ಕಾಗದಪತ್ರ, ಸಂಜೆಗೆ ನೋಡಿದರೆ ಒಂದು ತರಗತಿಯನ್ನೂ ನೋಡಿಲ್ಲ. ಕಡೆಗೆ ಅವರು ದಿನಕ್ಕೆ ನಾಲ್ಕೈದು ತರಗತಿ, ಪ್ರತಿಯೊಂದರಲ್ಲಿಯೂ ಐದೇ ನಿಮಿಷ, ಮುಂಚಿತವಾಗಿ ತಿಳಿಸದೆ, ಎಂಬ ಕ್ರಮವನ್ನು ಹಿಡಿದರು. ಹೋಗಿ ಬಂದ ಮೇಲೆ ಆ ಉಪಾಧ್ಯಾಯರೊಡನೆ ಮುಖಾಮುಖಿ ಒಂದೆರಡು ಮಾತು. ಕಾಗದದ ಮೇಲೆ ತೀರ್ಪು ಬರೆದುಕೊಡುವುದಿಲ್ಲ. ವರ್ಷಕ್ಕೊಮ್ಮೆ ಇಡೀ ಪಾಠವನ್ನು ನೋಡಿ ಪುಟಗಟ್ಟಲೆ ವರದಿ ಬರೆಯುವುದಕ್ಕಿಂತ ಇದರಿಂದ ಶಾಲೆಯ ಸತ್ಯ ಸ್ಥಿತಿ ಹೆಚ್ಚು ತಿಳಿಯಿತೆಂಬುದು ಅವರ ಅನುಭವ. ಐದು ನಿಮಿಷ ಸಾಲದೆಂದು ನನ್ನ ಅಭಿಪ್ರಾಯ; ನಮ್ಮ ನಲವತ್ತು ನಿಮಿಷದ ಪಾಠದಲ್ಲಿ ಮೊದಲ ಐದು ನಿಮಿಷ ಹಾಜರಿಗೂ, ಕಡೆಯ ಐದು ನಿಮಿಷ ಹೋಮ್‌ವರ್ಕಿಗೂ ಹೋಗುತ್ತವೆ. ಕಾಲು ಗಂಟೆಯಾದರೂ ಕುಳಿತರೆ ಒಂದು ಪ್ರಶ್ನೆ ಹುಟ್ಟಿ, ಬೆಳೆದು, ಉತ್ತರವಾಗುವುದನ್ನೋ ಸತ್ತುಹೋಗುವುದನ್ನೋ ನೋಡಬಹುದು.

ಹೋಗಿ ಇಣುಕಿ ಬರುವುದರಿಂದಲೇ ಶಾಲೆ ಉದ್ಧಾರವಾಗುತ್ತದೆಂದು ಮಾತ್ರ ಯಾರೂ ತಿಳಿಯಬಾರದು. ಅಮೆರಿಕದ ಮಯಾಮಿ ಪ್ರದೇಶದ ಸುಮಾರು ನೂರು ಪ್ರಾಂಶುಪಾಲರ ಬೆನ್ನಹಿಂದೆ ದಿನವಿಡೀ ನಡೆದು, ಅವರು ಯಾವ ಹೊತ್ತಿನಲ್ಲಿ ಏನು ಮಾಡಿದರೆಂದು ಗುರುತಿಸಿ, ಗ್ರಿಸ್ಸಮ್, ಲೋಬ್ ಮತ್ತು ಮಾಸ್ಟರ್ ಎಂಬ ಮೂವರು ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಕಹಿಯಾದ ಫಲಿತಾಂಶ ಬಂದಿತು: ಉಪಾಧ್ಯಾಯರಿಗೆ ಜೊತೆಗೂಡಿ ಮಾರ್ಗದರ್ಶನ ಮಾಡುವ ಹೊತ್ತು ಹೆಚ್ಚಿದ ಶಾಲೆಗಳಲ್ಲಿ ಮಕ್ಕಳ ಕಲಿಕೆ ಉತ್ತಮವಾಗಿದ್ದರೆ, ಬರಿಯ ಸುತ್ತಾಟದ ವೀಕ್ಷಣೆಗೆ ಹೆಚ್ಚು ಹೊತ್ತು ಕೊಟ್ಟ ಶಾಲೆಗಳಲ್ಲಿ ಅದು ತಗ್ಗಿಯೇ ಇದ್ದಿತು, ಆ ವೀಕ್ಷಣೆಯನ್ನು ವೃತ್ತಿಯ ಬೆಳವಣಿಗೆಗೆಂದು ಯಾರೂ ಭಾವಿಸದ ಕಡೆ ಇದು ಇನ್ನೂ ಸ್ಪಷ್ಟವಾಗಿತ್ತು. ಇದನ್ನು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಹಾಳೆ ಹಿಡಿದು ಗುರುತು ಹಾಕುತ್ತಿದ್ದ ನನ್ನ ಮೊದಲ ವರ್ಷವೇ ನೆನಪಾಯಿತು. ಕಂಡದ್ದು ಮಾತಾಗದಿದ್ದರೆ, ಮಾತು ಮತ್ತೆ ಕಾಣ್ಕೆಯಾಗದಿದ್ದರೆ, ಆ ಸುತ್ತಾಟವು ವಾಯುಸೇವನೆಗೆ ಸಮ.

ಆ ಮಾತು ಹೇಗಿರಬೇಕೆಂಬುದನ್ನು ಕಲಿಯುವುದೇ ಮುಖ್ಯೋಪಾಧ್ಯಾಯನ ಕಷ್ಟತಮವಾದ ಪಾಠ. ಹೊಗಳಿಕೆ ಸುಲಭ, ಬೈಗುಳ ಇನ್ನೂ ಸುಲಭ. ಇವೆರಡೂ ಅಲ್ಲದ ಮೂರನೆಯ ಭಾಷೆಯೊಂದು ನಮ್ಮ ಬಳಿ ಇರುವುದಿಲ್ಲ. “ಆ ಮೂಲೆಯ ಮೂವರು ಎರಡನೆಯ ಲೆಕ್ಕವನ್ನು ಬೆರಳು ಮಡಚಿ ಮಾಡಿದರು, ನಾಲ್ಕನೆಯದನ್ನು ಪಕ್ಕದವನಿಂದ ನೋಡಿ ಬರೆದರು, ನಡುವೆ ಏನಾಯಿತು, ನಿಮಗೇನು ತೋರುತ್ತದೆ?” ಎಂದು ಕೇಳುವುದಕ್ಕೆ ನಾನು ಮೂರು ವರ್ಷ ತೆಗೆದುಕೊಂಡೆನು. ಹಾಗೆ ಕೇಳಿದ ದಿನ ಉಪಾಧ್ಯಾಯರು ತಮ್ಮನ್ನು ಸಮರ್ಥಿಸಿಕೊಳ್ಳುವುದನ್ನು ಬಿಟ್ಟು ಆ ಮೂವರ ಬಗ್ಗೆ ಮಾತನಾಡತೊಡಗುತ್ತಾರೆ. ಜಪಾನಿನ ಶಾಲೆಗಳಲ್ಲಿ ಮೇಜಿ ಯುಗದಿಂದ ಬೆಳೆದುಬಂದಿರುವ ಪಾಠಾಧ್ಯಯನದ ಪದ್ಧತಿಯಲ್ಲಿ, ಒಬ್ಬರು ಪಾಠ ಮಾಡುವಾಗ ಉಳಿದ ಉಪಾಧ್ಯಾಯರೂ ಪ್ರಾಂಶುಪಾಲರೂ ಸುತ್ತ ನಿಂತು ನೋಡುವುದು ಪಾಠ ಹೇಳುವವರನ್ನಲ್ಲ, ಮಕ್ಕಳು ಏನು ಬರೆಯುತ್ತಾರೆ, ಎಲ್ಲಿ ತಡೆಯುತ್ತಾರೆ ಎಂಬುದನ್ನು. ಸಹೋದ್ಯೋಗಿಯ ಮಾನವನ್ನು ಉಳಿಸಿ ಪಾಠವನ್ನು ಪರೀಕ್ಷಿಸುವ ಉಪಾಯ ಇದಕ್ಕಿಂತ ನಯವಾದದ್ದು ನನಗೆ ತಿಳಿಯದು. ಇದಕ್ಕೆ ಇನ್ನೊಂದನ್ನು ನಾನು ಸೇರಿಸುತ್ತೇನೆ: ವಾರಕ್ಕೆ ಒಂದೆರಡು ಪಾಠಗಳನ್ನಾದರೂ ಮುಖ್ಯೋಪಾಧ್ಯಾಯನು ತಾನೇ ಮಾಡಬೇಕು, ಮತ್ತು ಸಹೋದ್ಯೋಗಿಗಳು ಬಂದು ಕಡೆಯ ಬೆಂಚಿನಲ್ಲಿ ಕುಳಿತುಕೊಳ್ಳಲು ಬಾಗಿಲು ತೆರೆದಿಟ್ಟಿರಬೇಕು. ನೋಡಿಸಿಕೊಳ್ಳುವ ಸಂಕೋಚವನ್ನು ಅನುಭವಿಸದವನು ನೋಡುವ ಸೌಜನ್ಯವನ್ನು ಕಲಿಯಲಾರನು.

ಈಗೀಗ ಕೆಲವು ಖಾಸಗಿ ಶಾಲೆಗಳಲ್ಲಿ ಕೊಠಡಿಗೊಂದು ಸಿಸಿಟಿವಿ ಕ್ಯಾಮರಾ ಇಟ್ಟು, ಪ್ರಾಂಶುಪಾಲರ ಮೇಜಿನ ಮುಂದೆ ಹದಿನಾರು ಚೌಕಗಳ ಪರದೆಯನ್ನು ನಿಲ್ಲಿಸಿರುವುದನ್ನು ನೋಡಿದ್ದೇನೆ. ಅದರಲ್ಲಿ ಉಪಾಧ್ಯಾಯರು ಕುಳಿತಿದ್ದಾರೆಯೇ ನಿಂತಿದ್ದಾರೆಯೇ ಎಂಬುದು ಕಾಣುತ್ತದೆ. ಪಕ್ಕದವನ ಕಿವಿಯಲ್ಲಿ ಹೇಳಿದ “ನಾಲ್ಕು ದೊಡ್ಡದಲ್ವೇನೋ” ಮಾತ್ರ ಕೇಳಿಸುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಕಾಲದ ಪ್ರಶ್ನೆ ಬರುತ್ತದೆ. ಪ್ರಾಮಾಣಿಕವಾಗಿ ಹೇಳುವುದಾದರೆ ಎಲ್ಲ ಮುಖ್ಯೋಪಾಧ್ಯಾಯರೂ ಎತ್ತುವುದು ಇದೊಂದೇ ಪ್ರಶ್ನೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಶಾಲಾ ಮುಖ್ಯಸ್ಥರು ವರ್ಷಕ್ಕೆ 50 ಗಂಟೆ ವೃತ್ತಿ ವಿಕಾಸಕ್ಕೆ ಮೀಸಲಿಡಬೇಕೆಂದು ಅಪೇಕ್ಷಿಸುತ್ತದೆ. ಇದನ್ನು ನಾವು ತರಬೇತಿ ಕೇಂದ್ರದ ಸಭಾಂಗಣವೆಂದೂ ಮೊಬೈಲಿನಲ್ಲಿ ಒತ್ತಿ ಮುಗಿಸುವ ಕೋರ್ಸೆಂದೂ ಅರ್ಥಮಾಡಿಕೊಂಡಿದ್ದೇವೆ. ಶಿಕ್ಷಣ ಹಕ್ಕಿನ ಕಾಯಿದೆಯ ಪ್ರಕಾರ ಒಂದರಿಂದ ಐದನೆಯ ತರಗತಿಯ ವರೆಗೆ ವರ್ಷಕ್ಕೆ ಕನಿಷ್ಠ 200 ದಿನ ಶಾಲೆ ನಡೆಯಬೇಕು. ದಿನಕ್ಕೆ ಒಂದೇ ತರಗತಿ, ಹದಿನೈದೇ ನಿಮಿಷ ಎಂದು ಇಟ್ಟುಕೊಳ್ಳಿ. 200 ದಿನಕ್ಕೆ 3000 ನಿಮಿಷ, ಅಂದರೆ ಸರಿಯಾಗಿ 50 ಗಂಟೆ. ಏಳು ಮಂದಿ ಉಪಾಧ್ಯಾಯರಿರುವ ಶಾಲೆಯಲ್ಲಿ ಒಬ್ಬೊಬ್ಬರ ಪಾಠವನ್ನೂ ವರ್ಷಕ್ಕೆ 28 ಸಲ ನೋಡಿದಂತಾಯಿತು. ಲೆಕ್ಕದ ಮೇಷ್ಟರ ಚಪಲವೆಂದು ನೀವು ನಗಬಹುದು; ಆದರೆ ಪ್ರಯಾಣಭತ್ಯೆಯಿಲ್ಲದ, ಊಟದ ಪೊಟ್ಟಣವಿಲ್ಲದ, ಪ್ರಮಾಣಪತ್ರವೂ ಇಲ್ಲದ ಈ ತರಬೇತಿಗೆ ಸರಿಸಮನಾದುದು ಯಾವ ಸಭಾಂಗಣದಲ್ಲಿಯೂ ನನಗೆ ಸಿಕ್ಕಲಿಲ್ಲ.

ಆ ಹದಿನೈದು ನಿಮಿಷವೂ ಏಕೆ ದೊರೆಯುವುದಿಲ್ಲವೆಂದರೆ, ಬೆಳಗ್ಗೆ ಹಾಲಿನ ಪುಡಿ ಕದಡಬೇಕು; ಮೊಟ್ಟೆ ಎಣಿಸಬೇಕು; ಹಾಜರಿಯನ್ನು ವಿದ್ಯಾರ್ಥಿಗಳ ದಾಖಲೆಯ ಸ್ಯಾಟ್ಸ್ ತಂತ್ರಾಂಶಕ್ಕೆ ಏರಿಸಬೇಕು; ಬಾಗಿಲಲ್ಲಿ ವರ್ಗಾವಣೆ ಪತ್ರಕ್ಕೆ ಬಂದ ತಂದೆ ನಿಂತಿದ್ದಾನೆ; ಅಷ್ಟರಲ್ಲಿ ವಾಟ್ಸಾಪಿನಲ್ಲಿ ಒಂದು ನಮೂನೆ ಬಂದು, ಹನ್ನೊಂದು ಗಂಟೆಯೊಳಗೆ ತುಂಬಿ ಕಳುಹಿಸದವರ ಹೆಸರನ್ನು ಮೇಲಕ್ಕೆ ತಿಳಿಸಲಾಗುವುದೆನ್ನುತ್ತದೆ. ಅದರಲ್ಲಿ ಕೇಳಿರುವುದು ಹೋದ ವಾರ ಕೊಟ್ಟ ಅಂಕಿಅಂಶವೇ. ಶಿಕ್ಷಣ ಹಕ್ಕಿನ ಕಾಯಿದೆಯ 27ನೆಯ ಪ್ರಕರಣವು ಜನಗಣತಿ, ವಿಪತ್ತು ಪರಿಹಾರ, ಚುನಾವಣೆಗಳ ಹೊರತು ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸಬಾರದೆಂದು ಹೇಳಿದೆ ನಿಜ. ಆದರೆ ಮೇಲೆ ಹೇಳಿದ್ದೆಲ್ಲ ಶಾಲೆಯ ಗೋಡೆಯೊಳಗೇ ನಡೆಯುವ ಕೆಲಸವಾದುದರಿಂದ ಆ ನಿಷೇಧದ ನೆರಳೂ ಇವುಗಳ ಮೇಲೆ ಬೀಳುವುದಿಲ್ಲ. ಆ ಕಾಯಿದೆಯ ಅನುಸೂಚಿಯ ಪ್ರಕಾರ ಕಿರಿಯ ತರಗತಿಗಳಲ್ಲಿ 150ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ ಪ್ರತ್ಯೇಕ ಮುಖ್ಯ ಶಿಕ್ಷಕರು. ಅದಕ್ಕಿಂತ ಚಿಕ್ಕ ಶಾಲೆಗಳಲ್ಲಿ ಇಬ್ಬರು ಮೂವರ ಪೈಕಿ ಹಿರಿಯರಾದವರೇ ಪ್ರಭಾರ ಹೊತ್ತು, ತಮ್ಮ ತರಗತಿಯನ್ನೂ ನೋಡಿಕೊಂಡು, ಇದೆಲ್ಲವನ್ನೂ ಮಾಡಬೇಕು. ಅಂಥವರಿಗೆ ದಿನಕ್ಕೊಂದು ವೀಕ್ಷಣೆಯೆಂದರೆ ಕ್ರೌರ್ಯವಾದೀತು. ಅಲ್ಲಿ ವಾರಕ್ಕೊಮ್ಮೆ ಎರಡು ತರಗತಿಗಳನ್ನು ಒಂದೇ ಕೊಠಡಿಗೆ ಕೂಡಿಸಿ, ಒಬ್ಬರು ಪಾಠ ಮಾಡುವಾಗ ಇನ್ನೊಬ್ಬರು ಮಕ್ಕಳ ನಡುವೆ ಕುಳಿತರೆ ಸಾಕು. ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿ) ಬಂದ ದಿನ ದಾಖಲೆ ಕೇಳುವ ಬದಲು ಪಾಠಕ್ಕೆ ನಿಂತು, ಪ್ರಭಾರಿಯನ್ನು ಆ ಒಂದು ಗಂಟೆ ಕಡೆಯ ಬೆಂಚಿಗೆ ಬಿಡುಗಡೆ ಮಾಡಿದರೆ ಇನ್ನೂ ಒಳ್ಳೆಯದು.

ಇದಕ್ಕಾಗಿ ಹೊಸ ಯೋಜನೆಯನ್ನೋ, ಅದಕ್ಕೊಂದು ಸಂಸ್ಕೃತದ ಹೆಸರನ್ನೋ, ವೀಕ್ಷಣೆಗಳ ಸಂಖ್ಯೆಯನ್ನು ಏರಿಸಲು ಮತ್ತೊಂದು ತಂತ್ರಾಂಶವನ್ನೋ ದಯವಿಟ್ಟು ಯಾರೂ ರಚಿಸಬಾರದು. ರಚಿಸಿದ ಮರುದಿನವೇ ಬಲಗೈ ಎಡಗೈಗಳ ಕಥೆ ಮತ್ತೆ ಆರಂಭವಾಗುತ್ತದೆ. ನಾನು ಬೇಡುವುದು ತೀರ ಅಲ್ಪವಾದುದು. ಪ್ರಾರ್ಥನೆ ಮುಗಿದ ಮೇಲಿನ ಮೊದಲ ಎರಡು ಪೀರಿಯಡ್, ರಾಜ್ಯದ ಯಾವ ಕಚೇರಿಯಿಂದಲೂ ಯಾವ ಮುಖ್ಯೋಪಾಧ್ಯಾಯರ, ಮುಖ್ಯೋಪಾಧ್ಯಾಯಿನಿಯರ ಮೊಬೈಲಿಗೂ ಯಾವ ನಮೂನೆಯೂ ಬಾರದಿರಲಿ. ಹಾಲು ಅಷ್ಟರಲ್ಲಿ ಕುಡಿದಾಗಿರುತ್ತದೆ. ಅಕ್ಕಿಯ ಲೆಕ್ಕ ಮಧ್ಯಾಹ್ನಕ್ಕೆ ಬರೆದರಾಯಿತು.